ಅಣಬೆ ಬಿಸಿಲು ಕಾಯಿಸಿದ ಕಥೆ

ಕಾರವಾರ, ಅಂಕೋಲೆ ಕಡೆಯವರಿಗೆ ಅಣಬೆ ಅಂದರೆ ಮಳೆಗಾಲ. ನಾಲ್ಕು ದಿನ ಬಿಡದೆ ಹೊಡೆದ ಮಳೆ ಒಂಚೂರು ಹೊಳವಾಗಿ, ನಡುವೆ ಗುಡುಗಿತು ಅಂದರೆ ಸಾಕು, ಬೆಟ್ಟದ ಮೇಲಿನ ಹುತ್ತಗಳ ಸುತ್ತ ಅಣಬೆ ಏಳುತ್ತದೆ. ಬೆಳಗಿನ ಜಾವವೇ ಕಾಡಿಗೆ ಹೋಗಿ ಕಿತ್ತು ತಂದವರು ಅದನ್ನು ಸಾಗವಾನಿ ಎಲೆಯ ಮೇಲೆ ಹರಡಿಕೊಂಡು ಹೆದ್ದಾರಿಯ ಪಕ್ಕದಲ್ಲೋ ಪೇಟೆಯ ಮೂಲೆಯಲ್ಲೋ ಕೂತಿರುತ್ತಾರೆ. ತೂಕ ಗೀಕ ಏನಿಲ್ಲ, ಎಣಿಕೆ ಲೆಕ್ಕ. ಕೊಂಕಣಿ ಮಾತಾಡುವವರು ಅದನ್ನೇ ಅಳಮಿ ಅನ್ನುತ್ತಾರೆ. ಹೊತ್ತೇರುವುದರೊಳಗೆ ಎಲ್ಲ ಖರ್ಚು. ಅಂದೇ ತಂದು ಅಂದೇ ಪಲ್ಯ ಮಾಡಬೇಕು, ಮರುದಿನಕ್ಕೆ ಇಟ್ಟರೆ ಹುಳ.

ಅಂದರೆ ನಮ್ಮ ಲೆಕ್ಕದಲ್ಲಿ ಅಣಬೆಗೂ ಬಿಸಿಲಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬಿಸಿಲು ಬಂದ ಕೂಡಲೇ ಅಣಬೆ ಕಾಲ ಮುಗಿಯಿತು. ಹಾಗಿರುವಾಗ ಅಣಬೆಯನ್ನು ಬೇಕಂತಲೇ ಬಿಸಿಲಿಗಿಟ್ಟರೆ, ಅಥವಾ ಅತಿನೇರಳೆ ದೀಪದ ಕೆಳಗೆ ಹಿಡಿದರೆ, ಅದರಲ್ಲಿ ವಿಟಮಿನ್ ಡಿ ಹುಟ್ಟುತ್ತದೆ ಅಂತ ಓದಿದಾಗ ಮೊದಲು ಇದು ಯಾವುದೋ ಹೊಸ ಕಂಪನಿಯ ಜಾಹೀರಾತು ಇರಬೇಕು ಅಂದುಕೊಂಡೆ. ಕೆದಕುತ್ತಾ ಹೋದರೆ ನೂರು ವರ್ಷದ ಹಿಂದಕ್ಕೆ ಹೋಯಿತು. ನಡುವೆ ಇಂಗ್ಲೆಂಡಿನ ಹೊಗೆ, ನಾಸಿಕದ ಪರ್ದಾ, ಬರ್ಲಿನ್ನಿನ ದೀಪ, ಅಮೆರಿಕದ ಪೇಟೆಂಟು ಎಲ್ಲ ಬಂದವು. ಕೊನೆಗೆ ನಮ್ಮ ಮನೆಯ ಅಂಗಳಕ್ಕೇ ಬಂದು ನಿಂತಿತು. ನಾನು ಓದಿದ್ದು ಕಂಪ್ಯೂಟರ್ ಸೈನ್ಸು, ಇತಿಹಾಸಕಾರನೂ ಅಲ್ಲ, ಡಾಕ್ಟರೂ ಅಲ್ಲ. ಓದಿದ್ದನ್ನು ಸಾಲಾಗಿ ಜೋಡಿಸಿ ಹೇಳುತ್ತೇನೆ, ಅಷ್ಟೇ.

ಮೊದಲು ಇಂಗ್ಲೆಂಡು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಕಾರ್ಖಾನೆ ಊರುಗಳಲ್ಲಿ ರಿಕೆಟ್ಸ್ ಅನ್ನುವ ರೋಗ ಮನೆಮನೆಯಲ್ಲಿತ್ತು. ಮಕ್ಕಳ ಮೂಳೆ ಮೆತ್ತಗಾಗಿ, ಕಾಲು ಬಿಲ್ಲಿನ ಹಾಗೆ ಬಾಗುತ್ತಿತ್ತು. ಊಟ ಸರಿಯಿಲ್ಲ, ಗಾಳಿ ಸರಿಯಿಲ್ಲ, ವಂಶದಿಂದ ಬಂದದ್ದು ಅಂತ ಒಬ್ಬೊಬ್ಬರದು ಒಂದೊಂದು ಮಾತು. ಥಿಯೊಬಾಲ್ಡ್ ಪಾಮ್ ಅನ್ನುವ ವೈದ್ಯರು ಜಪಾನಿನಲ್ಲಿ ಮಿಷನರಿಯಾಗಿ ಕೆಲಸ ಮಾಡಿ ವಾಪಸು ಬಂದವರು. ಜಪಾನಿನಲ್ಲಿ ಕಾಣದ ಈ ರೋಗ ಇಂಗ್ಲೆಂಡಿನಲ್ಲಿ ಯಾಕೆ ಇಷ್ಟೊಂದು ಅಂತ ಅವರಿಗೆ ಪ್ರಶ್ನೆ ಎದ್ದಿತು. ಚೀನಾ, ಭಾರತ ಮುಂತಾದ ಕಡೆ ಇದ್ದ ಮಿಷನರಿ ವೈದ್ಯರಿಂದ ಪತ್ರಗಳ ಮೂಲಕ ಮಾಹಿತಿ ತರಿಸಿಕೊಂಡು 1890ರಲ್ಲಿ ಒಂದು ಲೇಖನ ಬರೆದರು. ಬಡತನ ಎಲ್ಲ ಕಡೆ ಇದೆ, ಕೊಳಕು ಎಲ್ಲ ಕಡೆ ಇದೆ, ಆದರೆ ರಿಕೆಟ್ಸ್ ಇರುವುದು ಬಿಸಿಲು ಇಲ್ಲದ ಕಡೆ ಮಾತ್ರ ಅನ್ನುವುದು ಅವರ ತೀರ್ಮಾನ. ಕಲ್ಲಿದ್ದಲ ಹೊಗೆ ಸೂರ್ಯನನ್ನೇ ಮುಚ್ಚಿದ ಊರುಗಳವು. ಆ ಕಾಲಕ್ಕೆ ಯಾರೂ ಅವರ ಮಾತನ್ನು ದೊಡ್ಡದಾಗಿ ತೆಗೆದುಕೊಳ್ಳಲಿಲ್ಲ. ಬಿಸಿಲು ಔಷಧಿ ಅಂದರೆ ಯಾರು ನಂಬುತ್ತಾರೆ?

ಹಾಗಾದರೆ ಬಿಸಿಲು ಧಾರಾಳವಾಗಿರುವ ನಮ್ಮ ದೇಶದಲ್ಲಿ ಈ ರೋಗ ಇರಲೇಬಾರದಲ್ಲ? ಇತ್ತು. ಇಲ್ಲೇ ಕಥೆ ನಮಗೆ ಹತ್ತಿರವಾಗುವುದು. 1922ರಲ್ಲಿ ಹಚಿಸನ್ ಮತ್ತು ಶಾ ಅನ್ನುವ ಇಬ್ಬರು ನಾಸಿಕದಲ್ಲಿ ತಾವು ಕಂಡಿದ್ದನ್ನು ಪ್ರಕಟಿಸಿದರು. ನಾಸಿಕ ಆಗ ಮುಂಬಯಿ ಪ್ರಾಂತ್ಯದ್ದು. ನಮ್ಮ ಕಾರವಾರವೂ ಅದೇ ಪ್ರಾಂತ್ಯದ್ದು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿ, 1956ರವರೆಗೂ ಅಲ್ಲೇ ಇತ್ತು. ಇವರಿಬ್ಬರು ಕಂಡಿದ್ದು ಏನೆಂದರೆ, ಹೊಟ್ಟೆಗೆ ಸರಿಯಾಗಿ ಇಲ್ಲದಿದ್ದರೂ ಹೊಲಗದ್ದೆಯಲ್ಲಿ ದುಡಿಯುವ ಬಡವರ ಮನೆಗಳಲ್ಲಿ ರಿಕೆಟ್ಸ್ ಅಪರೂಪ. ಹಾಲು ತುಪ್ಪ ಉಂಡುಕೊಂಡು ಪರ್ದಾ ಪಾಲಿಸುವ ಅನುಕೂಲಸ್ಥರ ಮನೆಗಳಲ್ಲಿ, ಹಿಂದೂಗಳಿರಲಿ ಮುಸಲ್ಮಾನರಿರಲಿ, ಹೆಂಗಸರಿಗೂ ಮಕ್ಕಳಿಗೂ ಮೂಳೆ ಮೆತ್ತಗಾಗುವ ಕಾಯಿಲೆ! ಬಡವರ ರೋಗ ಅಂದುಕೊಂಡಿದ್ದು ಇಲ್ಲಿ ಉಳ್ಳವರ ರೋಗವಾಗಿತ್ತು. ಬಿಸಿಲಿಗೆ ಬಾರದವರ ರೋಗ ಅಂದರೆ ಹೆಚ್ಚು ಸರಿ.

1928ರಲ್ಲಿ ಕ್ಯಾಥ್ಲೀನ್ ವಾನ್ ಅನ್ನುವ ವೈದ್ಯೆ ಕಾಶ್ಮೀರದ ಬಗ್ಗೆ ಇದೇ ಮಾತನ್ನು ಇನ್ನೂ ಖಡಾಖಂಡಿತವಾಗಿ ಬರೆದರು. ಮನೆಯೊಳಗೆ ಮುಚ್ಚಿಟ್ಟ ಹೆಂಗಸರಿಗೆ ಸೊಂಟದ ಮೂಳೆ ಸೊಟ್ಟಗಾಗಿ ಹೆರಿಗೆಯೇ ಜೀವಕ್ಕೆ ಕುತ್ತಾಗುತ್ತಿತ್ತು. ಅದೇ ಊರಿನಲ್ಲಿ ದೋಣಿಯ ಮೇಲೆ ಬಿಸಿಲಲ್ಲಿ ಬದುಕುವ ಬಡ ಹೆಂಗಸರಿಗೆ ಆ ತೊಂದರೆ ಇರಲಿಲ್ಲ. ಇದನ್ನು ಓದುವಾಗ ನನಗೆ ಕಣ್ಣಿಗೆ ಬಂದಿದ್ದು ಬುಟ್ಟಿ ಹೊತ್ತು ಸುಡುಬಿಸಿಲಲ್ಲಿ ಮೈಲಿಗಟ್ಟಲೆ ನಡೆಯುವ ನಮ್ಮ ಕಡೆಯ ಮೀನು ಮಾರುವ ಹೆಂಗಸರು, ತಲೆಹೊರೆಯಲ್ಲಿ ಸೌದೆ ಸೊಪ್ಪು ತರುವ ಹಾಲಕ್ಕಿ ಹೆಂಗಸರು.

ಅವರ ಜೊತೆಗೆ ನೆನಪಾಗಿದ್ದು ನಮ್ಮ ಅಜ್ಜಿ. ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಅಜ್ಜ ತೀರಿಕೊಂಡಾಗ ಅಜ್ಜಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅಂದಿನಿಂದ ಅಜ್ಜಿ ಮೀನು ಬಿಟ್ಟಳು. ಯಾರೂ ಬಿಡು ಅಂತ ಕೂತು ಹೇಳಿದ್ದಲ್ಲ, ಆ ಕಾಲದಲ್ಲಿ ಮೀನು ತಿನ್ನುವ ಎಷ್ಟೋ ಮನೆಗಳಲ್ಲಿ ಅದು ಹಾಗೆಯೇ ನಡೆಯುತ್ತಿತ್ತು. ಮನೆಮಂದಿಗೆಲ್ಲ ಬಂಗಡೆ ಸಾರು ಮಾಡಿ ಬಡಿಸಿ, ತಾನು ಮಜ್ಜಿಗೆ ಅನ್ನ ಉಣ್ಣುತ್ತಿದ್ದಳು. ಮದುವೆ ಮುಂಜಿಗೆ ಹೋಗುವುದು ನಿಂತಿತು, ಅಂಗಳಕ್ಕೆ ಬರುವುದೂ ಕಡಿಮೆಯಾಯಿತು. ಮೂವತ್ತು ವರ್ಷ ಒಳಗಿನ ಅಡುಗೆಮನೆ, ಹೊಗೆ, ಕತ್ತಲೆ. ಕೊನೆಗೊಂದು ದಿನ ಬಚ್ಚಲಲ್ಲಿ ಜಾರಿದ್ದು ಅಷ್ಟೇ, ಸೊಂಟದ ಮೂಳೆ ಮುರಿಯಿತು. ಆಮೇಲೆ ಅಜ್ಜಿ ಎದ್ದು ಓಡಾಡಲೇ ಇಲ್ಲ. ವಯಸ್ಸಾದ ಮೇಲೆ ಮೂಳೆ ಸವೆಯುವುದಕ್ಕೆ ಹತ್ತಾರು ಕಾರಣ ಇರುತ್ತವೆ, ಇದೊಂದೇ ಅಂತ ನಾನು ಹೇಳುವುದಿಲ್ಲ. ಆದರೆ ನಾಸಿಕದ ಕಥೆ ಓದಿದ ಮೇಲೆ ಒಂದು ಲೆಕ್ಕ ಮನಸ್ಸಿನಿಂದ ಹೋಗುತ್ತಿಲ್ಲ. ನಮ್ಮ ಊಟದಲ್ಲಿ ವಿಟಮಿನ್ ಡಿ ಹೇಳಿಕೊಳ್ಳುವಷ್ಟು ಇದ್ದಿದ್ದು ಮೀನಿನಲ್ಲಿ. ಉಳಿದದ್ದು ಬಿಸಿಲಿನಿಂದ. ಅಜ್ಜಿಯಿಂದ ಎರಡೂ ಒಂದೇ ದಿನ ಹೋದವು.

ಇರಲಿ, ಕಥೆಗೆ ವಾಪಸು ಬರ್ತೀನಿ.

1919ರಲ್ಲಿ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಅನ್ನುವ ಮಕ್ಕಳ ವೈದ್ಯರು ರಿಕೆಟ್ಸ್ ಇದ್ದ ಮಕ್ಕಳನ್ನು ಪಾದರಸದ ದೀಪದ ಕೆಳಗೆ ಮಲಗಿಸಿ ನೋಡಿದರು. ಅತಿನೇರಳೆ ಕಿರಣ ಕೊಡುವ ದೀಪ ಅದು. ಮಕ್ಕಳು ಗುಣವಾದರು. ಅದಕ್ಕಿಂತ ಮಜಾ ಏನೆಂದರೆ ಒಂದೇ ಕೈಗೆ ಬೆಳಕು ಬಿಟ್ಟರೂ ಎರಡೂ ಕೈಯ ಮೂಳೆ ಸುಧಾರಿಸುತ್ತಿತ್ತು. ಅಂದರೆ ಬೆಳಕು ನೇರವಾಗಿ ಮೂಳೆಗೆ ಏನೋ ಮಾಡುತ್ತಿಲ್ಲ, ಚರ್ಮದಲ್ಲಿ ಏನೋ ತಯಾರಾಗಿ ರಕ್ತದ ಮೂಲಕ ಮೈಯೆಲ್ಲ ಹರಡುತ್ತಿದೆ ಅಂತಾಯಿತು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್‌ಬಿ ಅನ್ನುವವರು ನಾಯಿಮರಿಗಳಿಗೆ ರಿಕೆಟ್ಸ್ ಬರಿಸಿ, ಕಾಡ್ ಮೀನಿನ ಪಿತ್ತಜನಕಾಂಗದ ಎಣ್ಣೆ, ಅಂದರೆ ಕಾಡ್ ಲಿವರ್ ಎಣ್ಣೆ ಕೊಟ್ಟು ಗುಣಪಡಿಸಿದ್ದರು. ಅಮೆರಿಕದ ಮೆಕಾಲಮ್ 1922ರಲ್ಲಿ ಆ ಎಣ್ಣೆಯನ್ನು ಕಾಯಿಸಿ, ಗಾಳಿ ಹಾಯಿಸಿ, ಅದರಲ್ಲಿದ್ದ ವಿಟಮಿನ್ ಎ ಅನ್ನು ಹಾಳುಮಾಡಿ ನೋಡಿದರು. ರಿಕೆಟ್ಸ್ ವಾಸಿ ಮಾಡುವ ಗುಣ ಮಾತ್ರ ಹೋಗಲಿಲ್ಲ. ಹಾಗಾದರೆ ಇದು ಬೇರೆಯೇ ವಸ್ತು. ಎ, ಬಿ, ಸಿ ಆಗಿಹೋಗಿತ್ತು, ಇದಕ್ಕೆ ಡಿ ಅಂತ ಹೆಸರಿಟ್ಟರು.

ಈಗ ಒಂದು ಒಗಟು. ಒಂದೇ ರೋಗಕ್ಕೆ ಎರಡು ಔಷಧಿ: ಒಂದು ಮೀನೆಣ್ಣೆ, ಇನ್ನೊಂದು ಬೆಳಕು. ಎತ್ತಣ ಮಾಮರ ಎತ್ತಣ ಕೋಗಿಲೆ ಅನ್ನುವ ಹಾಗೆ. ಎರಡಕ್ಕೂ ಏನು ಸಂಬಂಧ?

ಇದನ್ನು ಬಿಡಿಸಿದವರಲ್ಲಿ ಮುಖ್ಯ ಹೆಸರು ಹ್ಯಾರಿ ಸ್ಟೀನ್‌ಬಾಕ್. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್. ಇಲಿಗಳಿಗೆ ಅತಿನೇರಳೆ ಬೆಳಕು ಕೊಡುವ ಪ್ರಯೋಗ ನಡೆದಿತ್ತು. ಆಮೇಲೆ ಅವರು ಇಲಿಯನ್ನು ಬಿಟ್ಟು ಇಲಿಯ ಆಹಾರಕ್ಕೇ ಬೆಳಕು ತೋರಿಸಿ ತಿನ್ನಿಸಿದರು. ಬೆಳಕನ್ನೇ ಕಾಣದ ಇಲಿಗಳೂ ಗುಣವಾದವು! 1924ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಹೆಸ್ ಕೂಡ ಬೇರೆಯಾಗಿ ಇದೇ ಫಲಿತಾಂಶ ಕಂಡರು. ಬಿಸಿಲನ್ನು ಆಹಾರದೊಳಗೆ ತುಂಬಿಸಿಡಬಹುದು ಅನ್ನುವುದು ಪ್ರಯೋಗಶಾಲೆಯಲ್ಲಿ ರುಜುವಾತಾಗಿದ್ದು ಹೀಗೆ.

ಆಹಾರದಲ್ಲಿ ಯಾವ ವಸ್ತು ಬೆಳಕಿಗೆ ಡಿ ಆಗಿ ಬದಲಾಗುತ್ತದೆ ಅನ್ನುವುದು ಮುಂದಿನ ಪ್ರಶ್ನೆ. ಉತ್ತರ ಸಿಕ್ಕಿದ್ದು ಅಣಬೆಯ ಕುಲದಲ್ಲೇ. ಯುರೋಪಿನಲ್ಲಿ ರೈ ಅನ್ನುವ ಧಾನ್ಯದ ತೆನೆಗೆ ಹಿಡಿಯುವ ಎರ್ಗಟ್ ಅನ್ನುವ ಶಿಲೀಂಧ್ರ ಇದೆ. 1889ರಲ್ಲಿ ಫ್ರಾನ್ಸಿನ ಶಾರ್ಲ್ ತಾನ್ರೆ ಅದರಿಂದ ಒಂದು ವಸ್ತುವನ್ನು ಬೇರ್ಪಡಿಸಿ ಎರ್ಗೊಸ್ಟೆರಾಲ್ ಅಂತ ಕರೆದಿದ್ದರು. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟೆರಾಲ್ ಹೇಗೋ, ಶಿಲೀಂಧ್ರಗಳಿಗೆ ಎರ್ಗೊಸ್ಟೆರಾಲ್ ಹಾಗೆ. ಸುಮಾರು ನಲವತ್ತು ವರ್ಷ ಅದು ಪುಸ್ತಕದ ಮೂಲೆಯಲ್ಲಿ ಇತ್ತು. 1927ರ ಹೊತ್ತಿಗೆ ಜರ್ಮನಿಯ ಅಡಾಲ್ಫ್ ವಿಂಡೌಸ್, ಇಂಗ್ಲೆಂಡಿನ ರೋಸೆನ್‌ಹೈಮ್, ಅಮೆರಿಕದ ಹೆಸ್ ಸೇರಿ ಬೆಳಕು ಬಿದ್ದಾಗ ಡಿ ಆಗುವ ವಸ್ತು ಇದೇ ಎಂದು ಗುರುತಿಸಿದರು. ವಿಂಡೌಸ್ ಅವರಿಗೆ 1928ರ ರಸಾಯನಶಾಸ್ತ್ರದ ನೊಬೆಲ್ ಬಂತು. ಯೀಸ್ಟಿನಲ್ಲೂ ಎರ್ಗೊಸ್ಟೆರಾಲ್ ಬೇಕಾದಷ್ಟಿದೆ. ಅದಕ್ಕೆ ದೀಪ ಹಿಡಿದು ತಯಾರಿಸಿದ ಡಿ ಬಾಟಲಿಗಳಲ್ಲಿ ಮಾರಾಟಕ್ಕೆ ಬಂತು. ನಮ್ಮ ಚರ್ಮದಲ್ಲಿ ಬಿಸಿಲಿಗೆ ತಯಾರಾಗುವುದು, ಮೀನಿನಲ್ಲಿ ಇರುವುದು ಡಿ3. ಶಿಲೀಂಧ್ರದಲ್ಲಿ ತಯಾರಾಗುವುದು ಡಿ2. ಅಣ್ಣತಮ್ಮ ಅನ್ನಬಹುದು.

ಅಂದರೆ ಇವತ್ತು ಹೊಸದು ಅಂತ ಮಾರುವ 'ಯುವಿ ಅಣಬೆ'ಯ ಮೂಲ ಸೂತ್ರಕ್ಕೆ ಸುಮಾರು ನೂರು ವರ್ಷ ವಯಸ್ಸು.

ಈಗ ನನ್ನಂಥ ಸಾಫ್ಟ್‌ವೇರಿನವರಿಗೆ ಮೈ ಉರಿಯುವ ಭಾಗ: ಪೇಟೆಂಟು. ಸ್ಟೀನ್‌ಬಾಕ್ 1924ರಲ್ಲೇ ಅರ್ಜಿ ಹಾಕಿದರು, 1928ರಲ್ಲಿ ಪೇಟೆಂಟ್ ಸಿಕ್ಕಿತು. ಅವರಿಗೆ ದುಡ್ಡಿನ ಆಸೆ ಇತ್ತು ಅನ್ನುವಂತಿಲ್ಲ. ಕ್ವೇಕರ್ ಓಟ್ಸ್ ಕಂಪನಿ ದೊಡ್ಡ ಮೊತ್ತ ಕೊಟ್ಟು ಹಕ್ಕು ಕೊಳ್ಳಲು ಬಂದರೂ ಮಾರಲಿಲ್ಲ. ಬದಲಿಗೆ 1925ರಲ್ಲಿ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ ಸಂಶೋಧನಾ ಪ್ರತಿಷ್ಠಾನಕ್ಕೆ ವಹಿಸಿದರು, ಬಂದ ಹಣ ಸಂಶೋಧನೆಗೇ ಹೋಗಲಿ ಅಂತ. ಹೋಯಿತು ಕೂಡ. (ಹೃದಯದ ತೊಂದರೆ ಇದ್ದವರು ರಕ್ತ ಹೆಪ್ಪುಗಟ್ಟದಂತೆ ನುಂಗುವ ವಾರ್ಫರಿನ್ ಮಾತ್ರೆ ಗೊತ್ತಲ್ಲ, ಅದರ ಹೆಸರಿನ ಮೊದಲ ಭಾಗ ಈ ಪ್ರತಿಷ್ಠಾನದ ಹೆಸರಿನ ಮೊದಲಕ್ಷರಗಳೇ.) ಆದರೆ ಇನ್ನೊಂದು ಮುಖವೂ ಇತ್ತು. ವಿಸ್ಕಾನ್ಸಿನ್ ಹಾಲು ಬೆಣ್ಣೆಯ ರಾಜ್ಯ. ಬೆಣ್ಣೆಗೆ ಪೈಪೋಟಿಯಾಗಿ ಅಗ್ಗದಲ್ಲಿ ಸಿಗುತ್ತಿದ್ದ ಮಾರ್ಗರಿನ್ ತಯಾರಕರಿಗೆ ಪ್ರತಿಷ್ಠಾನ ಈ ವಿಧಾನ ಬಳಸಲು ಪರವಾನಗಿ ಕೊಡಲಿಲ್ಲ. ಬೆಣ್ಣೆ ಕೊಳ್ಳಲಾಗದೆ ಮಾರ್ಗರಿನ್ ತಿನ್ನುವವರು ಬಡವರು, ಅವರ ಮಕ್ಕಳಿಗೇ ರಿಕೆಟ್ಸ್ ಹೆಚ್ಚು.

ಕೊನೆಗೆ ವಿಷಯ ಕೋರ್ಟಿಗೆ ಹೋಗಿ, 1940ರ ದಶಕದ ಮಧ್ಯದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಪೇಟೆಂಟನ್ನು ಹೊಡೆದುಹಾಕಿತು. ರೈತರು ಹೊಲದಲ್ಲಿ ಮೇವಿನ ಹುಲ್ಲನ್ನು ಬಿಸಿಲಿಗೆ ಒಣಗಿಸುವಾಗಲೂ ಇದೇ ಕ್ರಿಯೆ ನಡೆಯುತ್ತದೆ, ಸೂರ್ಯ ಇದನ್ನು ಯಾವಾಗಿನಿಂದಲೋ ಮಾಡುತ್ತಾ ಬಂದಿದ್ದಾನೆ ಅನ್ನುವುದು ಅಲ್ಲಿ ಬಂದ ಮುಖ್ಯ ವಾದಗಳಲ್ಲಿ ಒಂದು. ಬಿಸಿಲಿಗೆ ಇಡುವುದಕ್ಕೆ ಲೈಸೆನ್ಸ್ ಬೇಕು ಅಂದರೆ ನಮ್ಮ ಕರಾವಳಿಯ ಪ್ರತಿಯೊಂದು ಅಂಗಳದ ಮೇಲೂ ಕೇಸು ಹಾಕಬೇಕಾಗುತ್ತಿತ್ತು :)

ಯಾಕೆಂದರೆ ನಮ್ಮ ಬದುಕಿನ ಅರ್ಧ ಭಾಗವೇ ಒಣಗಿಸುವುದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳಿಗೆ ಬೇಕಾದ್ದನ್ನೆಲ್ಲ ಉಳಿದ ಎಂಟು ತಿಂಗಳ ಬಿಸಿಲಲ್ಲಿ ಕೂಡಿಡಬೇಕು. ಹಲಸಿನ ಹಪ್ಪಳ, ಸಂಡಿಗೆ, ಮುರುಗಲ ಸಿಪ್ಪೆ, ಕೊಬ್ಬರಿ. ಸಮುದ್ರದ ಕಡೆ ಹೋದರೆ ಬಂಗಡೆ, ತಾರ್ಲೆ, ಸಿಗಡಿ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ, ಆಗ ಒಣಮೀನೇ ಗತಿ. ಬೇಲೆಕೇರಿಯ ಕಡೆ ದಂಡೆಯ ಮೇಲೆ ಮೀನು ಹರಡಿದ್ದನ್ನು ನೋಡಿದವರಿಗೆ, ಅದರ ವಾಸನೆ ಕುಡಿದವರಿಗೆ ನಾನು ಹೇಳಬೇಕಾಗಿಲ್ಲ. ಸಾಣಿಕಟ್ಟೆಯ ಉಪ್ಪೂ ಬಿಸಿಲಿನದೇ ಬೆಳೆ. 1930ರಲ್ಲಿ ಅಂಕೋಲೆಯವರು ಉಪ್ಪಿನ ಕಾಯಿದೆ ಮುರಿದು ಜೈಲಿಗೆ ಹೋದರು ಅಂತ ಶಾಲೆಯಲ್ಲಿ ಓದುತ್ತೇವೆ. ಉಪ್ಪಿಲ್ಲದೆ ಮೀನು ಒಣಗದು, ಮೀನಿಲ್ಲದೆ ಮಳೆಗಾಲ ಕಳೆಯದು ಅನ್ನುವುದನ್ನು ಸೇರಿಸಿ ಓದಿದರೆ ಆ ಸಿಟ್ಟು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲೊಂದು ವ್ಯತ್ಯಾಸ ಹೇಳಿಬಿಡಬೇಕು. ಮೀನನ್ನು ಬಿಸಿಲಿಗೆ ಇಟ್ಟಿದ್ದರಿಂದ ಅದರಲ್ಲಿ ಡಿ ಹುಟ್ಟುವುದಲ್ಲ. ತಾರ್ಲೆ, ಬಂಗಡೆಯಂಥ ಎಣ್ಣೆ ಮೀನಿನಲ್ಲಿ ಡಿ3 ಮೊದಲೇ ಇರುತ್ತದೆ. ಕಡಲಿನ ಸೂಕ್ಷ್ಮಜೀವಿಗಳಿಂದ ಶುರುವಾಗಿ, ಸಣ್ಣದನ್ನು ದೊಡ್ಡದು ತಿನ್ನುತ್ತಾ ಬಂದು ಮೀನಿನೊಳಗೆ ಕೂಡಿಕೊಂಡದ್ದು ಅದು. ಒಣಗಿಸುವುದು ಅದನ್ನು ಮಳೆಗಾಲದವರೆಗೆ ಕಾಪಾಡುವ ಉಪಾಯ ಅಷ್ಟೇ. ಅಣಬೆಯ ವಿಷಯ ಬೇರೆ. ಅದರಲ್ಲಿ ಕಚ್ಚಾ ಮಾಲು ತುಂಬಿಕೊಂಡಿರುತ್ತದೆ, ಬಿಸಿಲು ಬಿದ್ದರೇ ಡಿ ತಯಾರಾಗುವುದು.

ಮೀನಿನ ಈ ಗುಣ ಸರಕಾರಕ್ಕೂ ಬೇಕಾಗಿ ಬಂದ ಕಾಲ ಒಂದಿತ್ತು. 1940ರಲ್ಲಿ ಹಿಟ್ಲರನ ಸೈನ್ಯ ನಾರ್ವೆಯನ್ನು ಹಿಡಿದ ಮೇಲೆ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಕಾಡ್ ಲಿವರ್ ಎಣ್ಣೆ ನಿಂತಿತು. ಆಗ ಪಶ್ಚಿಮ ಕರಾವಳಿಯ ಶಾರ್ಕ್ ಮೀನುಗಳಿಗೆ ಬೆಲೆ ಬಂತು. ಮದ್ರಾಸ್ ಸರಕಾರ ಕಲ್ಲಿಕೋಟೆಯಲ್ಲಿ, ಹಾಗೆಯೇ ಮುಂಬಯಿ ಮತ್ತು ತಿರುವಾಂಕೂರಿನವರು ತಮ್ಮ ಕಡೆಗಳಲ್ಲಿ ಶಾರ್ಕ್ ಲಿವರ್ ಎಣ್ಣೆ ತಯಾರಿಸತೊಡಗಿದರು. ಅದರಲ್ಲಿ ಎ ವಿಟಮಿನ್ ಭರ್ಜರಿ, ಡಿ ಅಷ್ಟಕ್ಕಷ್ಟೆ. ಹಳೆಯ ತಲೆಮಾರಿನವರಿಗೆ ಮೂಗು ಹಿಡಿದು ಚಮಚೆಯಲ್ಲಿ ಕುಡಿಸಿದ ಆ ಎಣ್ಣೆಯ ನೆನಪು ಇನ್ನೂ ಇದ್ದೀತು.

ಈಗ ಅಣಬೆಯ ಹತ್ತಿರವೇ ಬರೋಣ. ಅಂಗಡಿಯಲ್ಲಿ ಸಿಗುವ ಬಟನ್ ಅಣಬೆಯನ್ನು ಬೆಳೆಯುವುದು ಕತ್ತಲೆ ಕೋಣೆಯಲ್ಲಿ. ಅದರಲ್ಲಿ ಎರ್ಗೊಸ್ಟೆರಾಲ್ ಇದ್ದರೂ ಡಿ ಮಾತ್ರ 100 ಗ್ರಾಮಿಗೆ 1 ಮೈಕ್ರೋಗ್ರಾಮಿಗಿಂತಲೂ ಕಡಿಮೆ. ಅದೇ ಅಣಬೆಯನ್ನು ನಡು ಮಧ್ಯಾಹ್ನದ ಬಿಸಿಲಿಗೆ 15 ನಿಮಿಷದಿಂದ 2 ಗಂಟೆಯವರೆಗೆ ಇಟ್ಟರೆ, ಋತು ಮತ್ತು ಜಾಗಕ್ಕೆ ತಕ್ಕಂತೆ, 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಆಗುತ್ತದೆ. ನಮ್ಮ ಐಸಿಎಂಆರ್ 2020ರಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕು ಅಂತ ಹೇಳಿದ್ದು 15 ಮೈಕ್ರೋಗ್ರಾಂ, ಅಂದರೆ 600 ಯೂನಿಟ್. ಮೂರರಲ್ಲಿ ಎರಡು ಪಾಲು ಒಂದು ಪಲ್ಯದಲ್ಲೇ ಬಂತು!

ಕೆಲಸ ಮಾಡುವುದು ಬಿಸಿಲಿನ ಶಾಖ ಅಲ್ಲ, ಅದರಲ್ಲಿರುವ ಯುವಿ-ಬಿ ಕಿರಣ, 280ರಿಂದ 315 ನ್ಯಾನೋಮೀಟರ್ ಅಲೆಯುದ್ದದ್ದು. ಅದು ಬಿದ್ದಾಗ ಎರ್ಗೊಸ್ಟೆರಾಲಿನ ಒಂದು ಉಂಗುರ ಪಟ್ ಅಂತ ಬಿಚ್ಚಿಕೊಳ್ಳುತ್ತದೆ, ಆಮೇಲೆ ನಿಧಾನವಾಗಿ ತಿರುಗಿಕೊಂಡು ಡಿ2 ಆಗುತ್ತದೆ. ಅಣಬೆಯ ಕೊಡೆಯ ಕೆಳಗೆ ಪುಸ್ತಕದ ಹಾಳೆಯಂತೆ ಪದರ ಇರುತ್ತದಲ್ಲ, ಎರ್ಗೊಸ್ಟೆರಾಲ್ ಅಲ್ಲಿ ಹೆಚ್ಚು. ಅಮೆರಿಕದ ಅಣಬೆ ತಜ್ಞ ಪಾಲ್ ಸ್ಟಾಮೆಟ್ಸ್ 2004ರಲ್ಲಿ ಶಿಟಾಕೆ ಅಣಬೆಗಳನ್ನು ಈ ಪದರ ಮೇಲೆ ಮಾಡಿ ಎರಡು ದಿನ ಬಿಸಿಲಲ್ಲಿ ಒಣಗಿಸಿದಾಗ 100 ಗ್ರಾಂ ಒಣ ಅಣಬೆಯಲ್ಲಿ 46,000 ಯೂನಿಟ್ ಡಿ ಇತ್ತು. ಒಳಗೇ ಒಣಗಿಸಿದ್ದರಲ್ಲಿ ನೂರರ ಆಸುಪಾಸು. ಪದರ ಕೆಳಗೆ ಮಾಡಿ ಇಟ್ಟವು ಇವೆರಡರ ನಡುವೆ. ಜಪಾನಿನವರು ಶಿಟಾಕೆಯನ್ನು ಬಿಸಿಲಿಗೆ ಒಣಗಿಸುವ ಪದ್ಧತಿ ತುಂಬಾ ಹಳೆಯದು. ರಿಕೆಟ್ಸ್ ಇಲ್ಲದ ದೇಶ ಅಂತ ಪಾಮ್ ಅವರಿಗೆ ಕಂಡಿದ್ದೂ ಅದೇ ಜಪಾನ್. ಒಂದಕ್ಕೊಂದು ಗಂಟು ಹಾಕಿಬಿಡುವ ಆಸೆಯಾಗುತ್ತದೆ, ಆದರೆ ಅವರು ಮೀನನ್ನೂ ಚೆನ್ನಾಗಿ ತಿನ್ನುವವರು.

ಕಾರ್ಖಾನೆಗಳಲ್ಲಿ ಬಿಸಿಲಿನ ಬದಲು ದೀಪ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಕ್ಯಾಮೆರಾ ಫ್ಲಾಶಿನ ಹಾಗೆ ಬಿಟ್ಟು ಬಿಟ್ಟು ಹೊಡೆಯುವ ಅತಿನೇರಳೆ ಬೆಳಕಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಈ ಕೆಲಸ ಮುಗಿಸಬಹುದು ಅಂತ ತೋರಿಸಿದರು. 2000ರ ದಶಕದ ಕೊನೆಯಿಂದ ಅಮೆರಿಕದ ಅಂಗಡಿಗಳಲ್ಲಿ ಇಂಥ ಅಣಬೆ ಸಿಗುತ್ತಿದೆ. ನಮಗೆ ದೀಪ ಯಾಕೆ? ಕಾರವಾರ ಇರುವುದು ಸಮಭಾಜಕದಿಂದ ಹದಿನೈದು ಡಿಗ್ರಿಯ ಒಳಗೆ. ಅಕ್ಟೋಬರಿನಿಂದ ಮೇ ತನಕ ಧಾರಾಳ ಯುವಿ-ಬಿ, ಅದೂ ಬಿಟ್ಟಿ.

ಹಾಗಾದರೆ ನಮ್ಮವರು ಅಣಬೆಯನ್ನು ಯಾಕೆ ಒಣಗಿಸಲಿಲ್ಲ? ಕಾರಣ ಹುತ್ತದ ಅಣಬೆಯಲ್ಲೇ ಇದೆ. ಅದನ್ನು ಬೆಳೆಯುವುದು ಗೆದ್ದಲು. ಗೂಡಿನೊಳಗೆ ಸೊಪ್ಪು ಸೌದೆ ಜಗಿದು ಪಾತಿ ಮಾಡಿ ಅದರ ಮೇಲೆ ಶಿಲೀಂಧ್ರ ಸಾಕುತ್ತದೆ, ಮಳೆಗಾಲದಲ್ಲಿ ಅದು ನೆಲ ಸೀಳಿಕೊಂಡು ಕೊಡೆಯಾಗಿ ಮೇಲೆ ಬರುತ್ತದೆ. ಮನುಷ್ಯರಿಗೆ ಇವತ್ತಿಗೂ ಅದನ್ನು ತೋಟದಲ್ಲಿ ಬೆಳೆಯಲು ಬಂದಿಲ್ಲ. ಅದು ಬರುವ ಕಾಲದಲ್ಲಿ ಬಿಸಿಲಿಲ್ಲ, ಬಿಸಿಲಿರುವ ಕಾಲದಲ್ಲಿ ಅದು ಇಲ್ಲ. ಎರಡೂ ಒಟ್ಟಿಗೆ ಸೇರಲು ಸಾಧ್ಯವಾಗಿದ್ದು ಕೃಷಿ ಅಣಬೆ ಬಂದ ಮೇಲೆ. ಚಿಪ್ಪು ಅಣಬೆಯನ್ನು ಭತ್ತದ ಹುಲ್ಲಿನ ಮೇಲೆ ಮನೆಯ ಹಿತ್ತಲಲ್ಲೇ ಬೆಳೆಯಬಹುದು. ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ಕಡೆ ಸಿಗುತ್ತದೆ.

ಇನ್ನೊಂದು ತೊಡಕು ನಮ್ಮ ತಲೆಯೊಳಗಿನದು. ಅಣಬೆ ಮಡಿಗೆ ಬರುವುದಿಲ್ಲ. ಮನುಸ್ಮೃತಿ ಈರುಳ್ಳಿ, ಬೆಳ್ಳುಳ್ಳಿಯ ಜೊತೆ ಅಣಬೆಯನ್ನೂ ಬೇಡ ಅಂದಿದೆ. ಮೀನು ಬಿಟ್ಟ ಅಜ್ಜಿ ಅಣಬೆಯನ್ನೂ ಮುಟ್ಟುತ್ತಿರಲಿಲ್ಲ. ಮೀನು, ಮೊಟ್ಟೆಯ ಹಳದಿ, ಅಣಬೆ ಮೂರನ್ನೂ ತೆಗೆದರೆ ಊಟದಲ್ಲಿ ಡಿ ಅನ್ನುವುದು ಹುಡುಕಿದರೂ ಸಿಗುವುದು ಕಷ್ಟ. ಉಳಿಯುವುದು ಬಿಸಿಲೊಂದೇ. ಅದನ್ನೂ ಮುಚ್ಚಿದರೆ?

ಈ ಪ್ರಶ್ನೆ ಹಳೆಯ ಕಾಲದ ವಿಧವೆಯರದು ಮಾತ್ರ ಅಲ್ಲ. 2000ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಆರೋಗ್ಯವಂತರನ್ನೇ ಪರೀಕ್ಷಿಸಿ ನೋಡಿದರು. ಬಿಸಿಲಲ್ಲಿ ದುಡಿಯುವ ಸೈನಿಕರಿಗೆ ಡಿ ಸಾಕಷ್ಟಿತ್ತು. ವೈದ್ಯರು, ನರ್ಸುಗಳಂತೆ ಒಳಗೆ ಕೆಲಸ ಮಾಡುವವರಿಗೆ ತೀರಾ ಕಡಿಮೆ. ನಾಸಿಕದ ಕಥೆಯೇ ಮತ್ತೊಮ್ಮೆ. ನಮ್ಮ ಆಫೀಸಿನಲ್ಲಿ ಹೆಲ್ತ್ ಚೆಕಪ್ ಆದಾಗ ರಿಪೋರ್ಟಿನಲ್ಲಿ ಡಿ ಮುಂದೆ ಕೆಂಪು ಗೆರೆ ಇಲ್ಲದವರನ್ನು ಹುಡುಕಬೇಕಾಯಿತು. ನನ್ನದೂ ಕೆಂಪೇ. ಬೆಳಿಗ್ಗೆ ಕ್ಯಾಬು, ಇಡೀ ದಿನ ಎಸಿ, ಕತ್ತಲಾದ ಮೇಲೆ ಮನೆ. ಗಾಜಿನ ಗೋಡೆಯ ಪಕ್ಕ ಕೂತರೆ ಬಿಸಿಲು ಮೈಮೇಲೆ ಬೀಳುತ್ತದೆ, ಆದರೆ ಗಾಜು ಯುವಿ-ಬಿಯನ್ನು ತಡೆಯುತ್ತದೆ. ನಮ್ಮದೂ ಒಂದು ಥರದ ಪರ್ದಾವೇ, ಸಂಬಳ ಕೊಡುವ ಪರ್ದಾ.

ಸರಕಾರವೂ ಸುಮ್ಮನೆ ಕೂತಿಲ್ಲ. 2018ರ ನಿಯಮದ ಪ್ರಕಾರ ಹಾಲು, ಅಡುಗೆ ಎಣ್ಣೆಗೆ ಎ ಮತ್ತು ಡಿ ವಿಟಮಿನ್ ಸೇರಿಸಿ ಮಾರಬಹುದು, ಪೊಟ್ಟಣದ ಮೇಲೆ ಅದಕ್ಕೊಂದು ಗುರುತು ಇರುತ್ತದೆ. ಮಾತ್ರೆಗಳಲ್ಲಿ ಬರುವ ಡಿ3 ಬಹುಪಾಲು ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು. ಅದು ಬೇಡ ಅನ್ನುವ ಸಸ್ಯಾಹಾರಿಗಳಿಗೆ ಶಿಲೀಂಧ್ರದ ಡಿ2 ಒಂದು ದಾರಿ. ರಕ್ತದ ಮಟ್ಟ ಏರಿಸಿ ಹಿಡಿದಿಡುವುದರಲ್ಲಿ ಡಿ3 ಒಂದು ಕೈ ಮೇಲು ಅನ್ನುವುದನ್ನೂ ಹೇಳಬೇಕು. ರಿಪೋರ್ಟಿನಲ್ಲಿ ತೀರಾ ಕಡಿಮೆ ಬಂದವರು ಅಣಬೆ ನಂಬಿಕೊಂಡು ಕೂರಬಾರದು, ಡಾಕ್ಟರು ಬರೆದ ಮಾತ್ರೆ ನುಂಗಬೇಕು.

ಮಾಡಿ ನೋಡುವವರಿಗೆ ವಿಧಾನ ಇಷ್ಟೇ. ಚಿಪ್ಪು ಅಣಬೆ ಅಥವಾ ಬಟನ್ ಅಣಬೆ ತಂದು ಹೋಳು ಮಾಡಿ. ಪದರ ಮೇಲೆ ಬರುವ ಹಾಗೆ ಮೊರದಲ್ಲಿ ಹರಡಿ. ಹನ್ನೊಂದರಿಂದ ಎರಡರ ನಡುವೆ ಒಂದು ತಾಸು ನೇರ ಬಿಸಿಲಿಗಿಡಿ, ಗಾಜಿನ ಹಿಂದೆ ಅಲ್ಲ. ಅವತ್ತೇ ಪಲ್ಯ ಮಾಡಿ; ಬೇಯಿಸಿದರೂ ಡಿ ಬಹುಪಾಲು ಉಳಿಯುತ್ತದೆ. ಇಲ್ಲವೇ ಪೂರ್ತಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಮಳೆಗಾಲಕ್ಕೆ ಇಡಿ. ತಿಂಗಳು ಕಳೆದಂತೆ ಡಿ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ್ದು ಡಿ ವಿಷಯದಲ್ಲಿ ಬಲು ಗಟ್ಟಿ, ಒಂದು ಹೊತ್ತಿಗೆ ನಾಲ್ಕಾರು ಚೂರು ಸಾಕು. ಕಾಡಿನಿಂದ ಗುರುತಿಲ್ಲದ ಅಣಬೆ ಮಾತ್ರ ತರಬೇಡಿ, ವಿಷದ ಅಣಬೆ ಬಿಸಿಲಿಗಿಟ್ಟರೂ ವಿಷವೇ.

ಇದನ್ನೆಲ್ಲ ಫೋನಿನಲ್ಲಿ ಆಯಿಗೆ ಹೇಳಿದೆ. ಕೇಳಿ ಜೋರಾಗಿ ನಕ್ಕಳು. "ಅಣಬೆನ ಬಿಸಿಲಿಗೆ ಇಡೂದಾ? ಅದೇನು ಒಣಮೀನಾ? ಓದಿ ಓದಿ ನಿನ್ನ ತಲೆ ಕೆಟ್ಟಿತು" ಅಂದಳು. ಆಮೇಲೆ ನಾಸಿಕದ ಹೆಂಗಸರ ಕಥೆ ಹೇಳಿದೆ. ಆಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಪ್ಪಳ ಒಣಗಿಸುವಾಗ ಕಾಗೆ ಓಡಿಸೂಕೆ ನಿನ್ನ ಅಜ್ಜಿನ್ನ ಜಗಲಿ ಮೇಲೆ ಕೂರಿಸ್ತಿದ್ರು, ನೆರಳಲ್ಲಿ. ಅಂಗಳದಲ್ಲಿ ಕೂರಿಸಬೇಕಿತ್ತು ಹಾಗಾರೆ" ಅಂದಳು.

ಅಂಗಳಕ್ಕೆ ಬರುವ ಬಿಸಿಲಿನ ಮೇಲೆ ಅಮೆರಿಕದ ಪೇಟೆಂಟೂ ಕೊನೆಗೆ ನಿಲ್ಲಲಿಲ್ಲ. ಅಡ್ಡ ಬರುವುದು ನಾವೇ ಹಾಕಿಕೊಂಡ ಮಾಡು ಗೋಡೆಗಳು. ಅಣಬೆಗೆ ಒಂದು ತಾಸು ಸಾಕು. ಮನೆಯಲ್ಲಿ ಒಳಗೇ ಕೂರುವ ಹಿರಿಯರಿದ್ದರೆ ಮೊರದ ಜೊತೆ ಅವರನ್ನೂ ಸ್ವಲ್ಪ ಹೊತ್ತು ಹೊರಗೆ ಕರೆದುಕೊಂಡು ಬನ್ನಿ.

ನಿಮ್ಮ ಕಡೆ ಅಣಬೆ ಒಣಗಿಸಿಡುವ ರೂಢಿ ಏನಾದರೂ ಇದ್ದರೆ, ಅದಕ್ಕೆ ಏನು ಹೆಸರು, ಮಳೆಗಾಲದಲ್ಲಿ ಏನು ಅಡುಗೆ ಮಾಡುತ್ತಿದ್ದರು ಅಂತ ದಯವಿಟ್ಟು ಬರೆದು ತಿಳಿಸಿ.